ಬಾಟಮ್ ಇಪ್ಪತ್ತಾರು

ಆಗ ನಾನು ಮಂಡಿ ಮೊಹಲ್ಲಾದ ಗಫೂರ್ ಸಾಹೇಬರ ಅಂಗಡಿಯಲ್ಲಿ
ಕಾಜಾ ಹುಡುಗ. ಹನ್ನೆರಡು ಕಾಜಕ್ಕೆ ನಾಲ್ಕಾಣೆ,
ಹೊಲಿಗೆ ಸೊಟ್ಟಗಾದರೆ ಕಿವಿ ಬಿಸಿ.
ಅಳತೆ ಪುಸ್ತಕ ಬರೆಯುವುದೂ ನನ್ನ ಪಾಲಿಗೆ.
ಸಾಹೇಬರಿಗೆ ಕನ್ನಡ ಬರೆಯಲು ಬಾರದು, ನನಗೆ ಉರ್ದು;
ಅಂಕಿ ಮಾತ್ರ ಇಬ್ಬರಿಗೂ ಸೇರಿದ್ದು.

ಆ ವರ್ಷದವರೆಗೆ ಊರಿಗೆ ಊರೇ ಹದಿನಾರು.
ಮೇಷ್ಟರ ಬಾಟಮ್ ಹದಿನಾರು, ಮೇಷ್ಟರ ಮಗನದೂ,
ರೇಷ್ಮೆ ಕಾರ್ಖಾನೆಯ ಗುಮಾಸ್ತರದೂ.
ಅಪ್ಪನ ಪ್ಯಾಂಟು ಮಗನಿಗೆ ಆಗುತ್ತಿತ್ತು,
ಅಪ್ಪನ ಯೋಚನೆಯೂ.

ಆಮೇಲೆ ಗೋಡೆಗಳ ಮೇಲೆ ಬಂತು:
ಬ್ಲೂ ಟಾಂಗಾ. ನಾಲ್ವರು. ಒಂದೇ ರಾತ್ರಿ, ಟೌನ್ ಹಾಲ್.
ನಾಲ್ಕು ತಲೆ, ನಾಲ್ಕೂ ಬಾಚಣಿಗೆ ಕಾಣದವು.
ಪೋಸ್ಟರಿನ ಅಂಟು ಒಣಗುವ ಮೊದಲೇ
ಲಷ್ಕರ್ ಮೊಹಲ್ಲಾದ ಫೆಲಿಕ್ಸ್ ಬಂದು, ಮೊಳಕಾಲಿಗೆ ಕೈಯಿಟ್ಟು,
"ಇಲ್ಲಿಂದ ಬಿಡಿ ಸಾಹೇಬ್ರೆ, ಛತ್ರಿ ಬಿಚ್ಚಿದ ಹಾಗೆ" ಅಂದ.
ಸಾಹೇಬರು ಕೊರಳಿನ ಟೇಪು ತೆಗೆದರು.
"ಇದು ಪ್ಯಾಂಟಾ, ಶಾಮಿಯಾನಾನಾ?"
ಬರೆದೆ: ಫೆಲಿಕ್ಸ್. ಸೊಂಟ ಇಪ್ಪತ್ತೆಂಟು. ಬಾಟಮ್ ಇಪ್ಪತ್ತೆರಡು.

ಮರುದಿನ ಇಪ್ಪತ್ತನಾಲ್ಕು. ಶುಕ್ರವಾರದ ಹೊತ್ತಿಗೆ ಇಪ್ಪತ್ತಾರು.
ಒಂಟಿಕೊಪ್ಪಲಿನ ಜೋಯಿಸರ ಮೊಮ್ಮಗ
ಜುಟ್ಟು ಬಿಚ್ಚಿ ಹೆಗಲಿಗೆ ಹರಡಿಕೊಂಡು ಬಂದ;
ಅವನೊಬ್ಬ ಹೊಸದಾಗಿ ಕೂದಲು ಬೆಳೆಸಬೇಕಿರಲಿಲ್ಲ.

ಅಪ್ಪಂದಿರು ಕತ್ತಲಾದ ಮೇಲೆ ಬರುತ್ತಿದ್ದರು,
ಪೇಪರಿನಲ್ಲಿ ಸುತ್ತಿದ ಪ್ಯಾಂಟು ಕಂಕುಳಲ್ಲಿ.
"ಅವನಿಗೆ ಹೇಳಬೇಡಿ, ಅಷ್ಟಷ್ಟೇ ಒಳಗೆ ಹಿಡಿದುಬಿಡಿ."
ಅಪ್ಪನಿಂದ ಒಂದು ರೂಪಾಯಿ ತೆಗೆದುಕೊಂಡು ಹಿಡಿದರು,
ಮಗನಿಂದ ಒಂದು ರೂಪಾಯಿ ತೆಗೆದುಕೊಂಡು ಬಿಟ್ಟರು.
ಆ ತಿಂಗಳು ಮಷೀನಿಗೆ ಹೊಸ ಬೆಲ್ಟು ಬಂತು.

ಕಾಕರವಾಡಿಯ ಸರಸಿಜಾ, ಯಾವುದೋ ಕಚೇರಿಯಲ್ಲಿ ಟೈಪಿಸ್ಟು,
ಒಂದು ಚೀಟಿ ತಂದಳು. ತಮ್ಮನ ಅಳತೆಯಂತೆ.
ಸೊಂಟ ಇಪ್ಪತ್ತಾರು, ಸೀಟು ಮೂವತ್ತೆಂಟು.
ಸಾಹೇಬರು ಚೀಟಿ ನೋಡಿದರು, ಬೀದಿ ನೋಡಿದರು.
ಅಂಥ ತಮ್ಮ ಇಡೀ ಮೈಸೂರು ಜಿಲ್ಲೆಯಲ್ಲಿಲ್ಲ.
"ಬರೆಯೋ," ಅಂದರು, "ತಮ್ಮ."
ಬರೆದೆ.
ಜೇಬು ಇರಲಿ ಅಂದಳು. ಎರಡೂ ಕಡೆ. ಆಳವಾಗಿ.

ಆ ಸಂಜೆ, ಶುರುವಾಗಲು ಅರ್ಧ ಗಂಟೆ ಇರುವಾಗ
ಯಾರೋ ಓಡಿ ಬಂದರು: ಹಾಡುವವನ ಪ್ಯಾಂಟು ಹರಿದಿದೆ.
ಸೂಜಿ ಡಬ್ಬಿ, ನೀಲಿ ದಾರ ಕೊಟ್ಟು ನನ್ನನ್ನೇ ಅಟ್ಟಿದರು.
ಟೌನ್ ಹಾಲಿನ ಹಿಂದಿನ ಕೋಣೆಯಲ್ಲಿ
ಪೋಸ್ಟರಿನ ಆ ತಲೆ, ಟವೆಲ್ ಸುತ್ತಿಕೊಂಡು ನಿಂತಿತ್ತು.
ಕಡ್ಡಿಯಂಥ ಕಾಲು. ನಡುಗುತ್ತಿದ್ದವು.
"ಜನ ಬಂದವ್ರಾ?" ಅಂತ ಕೇಳಿದ,
ಶುದ್ಧ ನಂಜನಗೂಡಿನ ಕಡೆಯ ಮಾತು.
ಹಲ್ಲಿನಲ್ಲಿ ದಾರವಿತ್ತು, ತಲೆಯಾಡಿಸಿದೆ.

ಪ್ಯಾಂಟು ಮಗುಚಿ ನೋಡಿದೆ.
ಹಳೇ ಹದಿನಾರು. ಮೊಳಕಾಲ ಕೆಳಗೆ ಸೀಳಿ
ಯಾರದೋ ಮನೆಯ ಪರದೆಯ ತುಂಡು ಸೇರಿಸಿದ್ದು,
ಕೈಹೊಲಿಗೆ, ಹೆಂಗಸಿನ ಕೈ, ಒತ್ತೊತ್ತಾಗಿ.

ಇದನ್ನು ಫೆಲಿಕ್ಸನಿಗೆ ಹೇಳಲಿಲ್ಲ. ಸಾಹೇಬರಿಗೂ.

ಮೊದಲ ಹಾಡು ನನಗೆ ಕೇಳಿದ್ದು ಕಿವಿಗಲ್ಲ.
ಬರಿಗಾಲಿಗೆ ನೆಲ ಬಡಿಯಿತು,
ಡಬ್ಬಿಯೊಳಗೆ ಸೂಜಿಗಳು ತಾವೇ ಗಿಲಗಿಲ ಅಂದವು.
ಬಾಗಿಲ ಸಂದಿಯಿಂದ ಇಣುಕಿದರೆ
ಮೂರನೇ ಸಾಲಿನಲ್ಲಿ, ಕುರ್ಚಿಯ ಮೇಲೆ,
ಸರಸಿಜಾಳ ತಮ್ಮ
ಎರಡೂ ಜೇಬಿಗೆ ಕೈ ಇಳಿಬಿಟ್ಟು ನಿಂತಿದ್ದ.

ಬ್ಲೂ ಟಾಂಗಾ ಮತ್ತೆ ಬರಲಿಲ್ಲ.
ಹಾಡಿನ ಮಾತು ಒಂದೂ ನೆನಪಿಲ್ಲ ನನಗೆ.
ಐದಾರು ವರ್ಷಕ್ಕೆ ಬಾಟಮ್ ಹದಿನಾರಕ್ಕೆ ಇಳಿಯಿತು,
ಫೆಲಿಕ್ಸ್ ತಾನೇ ಬಂದು, ಹಿಡಿಯಿರಿ ಅಂದ,
ಮಗನ ಮೊದಲ ಅಂಗಿಗೂ ಅಳತೆ ಕೊಟ್ಟ.
ಕತ್ತರಿ ಎತ್ತಿಕೊಂಡೆ. ಸಾಹೇಬರು ಕೈ ಹಿಡಿದರು.
ಮಿಕ್ಕ ಬಟ್ಟೆಯನ್ನು ಒಳಗೇ ಮಡಚಿ, ಸಡಿಲವಾಗಿ ಹೊಲಿದು,
"ಇರಲಿ," ಅಂದರು, "ಯಾವಾಗ ಬೇಕಾಗುತ್ತೋ."